ಮ್ಯಾಕ್ಸಿಮನ ಕಿಸೆಗೊಂದು ಚೂರಿ

ಗಂಡನ ಮಡಚುವ ಚೂರಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಕಸ ಹೆಕ್ಕುವವರ ಕೈಗೆ ತಾಗಬಾರದೆಂದು ಮೇಲೆ ಮೂರು ಸುತ್ತು ಟೇಪು ಬಿಗಿದು, ಕಟ್ಟಡದ ಕೆಳಗಿನ ದೊಡ್ಡ ತೊಟ್ಟಿಗೆ ಹಾಕಿ ಬಂದಾಗ ಫಿಲೊಮಿನಾಳಿಗೆ ತಾನು ತಪ್ಪು ಮಾಡುತ್ತಿದ್ದೇನೆ ಎಂದು ಒಂದಿಷ್ಟೂ ಅನ್ನಿಸಿರಲಿಲ್ಲ. ಅಷ್ಟು ಜಾಗ್ರತೆ ಮಾಡಿದವಳು, ಗಂಡ ಕೇಳಿದರೆ ಏನು ಹೇಳುವುದು ಎಂದು ಮಾತ್ರ ಯೋಚಿಸಿರಲಿಲ್ಲ.

"ನನ್ನ ಚೂರಿ ನೋಡಿದ್ಯಾ?" ಎಂದು ಮ್ಯಾಕ್ಸಿಮ್ ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ನಾನೆಲ್ಲಿ ನೋಡ್ಲಿ? ಸ್ಟೋರಿನಲ್ಲೇ ಬಿಟ್ಟು ಬಂದಿರ್ತೀರಿ."

ಎರಡು ವರ್ಷದ ಹಿಂದೆ ಮ್ಯಾಕ್ಸಿಮನ ಹೃದಯದ ಕವಾಟ ಬದಲಾಯಿಸಿದ್ದರು. ಅಂದಿನಿಂದ ದಿನವೂ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ. ಆ ಮಾತ್ರೆಯಿಂದಲೇ ಅವನು ಬದುಕಿದ್ದ. ಅದೇ ಮಾತ್ರೆಯಿಂದಾಗಿ ಅವನ ಸಣ್ಣ ಗಾಯದ ರಕ್ತವೂ ಬೇಗ ನಿಲ್ಲುತ್ತಿರಲಿಲ್ಲ. ಗಲ್ಫಿನ ಮನಾಮ ನಗರದ ಅದ್ಲಿಯಾ ಬಡಾವಣೆಯ ಹೋಟೆಲೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದವನಿಗೆ ಚೂರಿ ಹನ್ನೊಂದನೆಯ ಬೆರಳಿನ ಹಾಗೆ. ಕಾರ್ಟನಿನ ಟೇಪು, ಈರುಳ್ಳಿ ಚೀಲದ ದಾರ, ಮೀನಿನ ಪೆಟ್ಟಿಗೆಯ ಪ್ಲಾಸ್ಟಿಕ್ ಪಟ್ಟಿ, ಊಟದ ನಂತರದ ಕಿತ್ತಳೆ, ಎಲ್ಲಕ್ಕೂ ಅದೇ. ಇಪ್ಪತ್ತು ವರ್ಷ ಕಿಸೆಯಲ್ಲಿದ್ದು ಅದರ ಲಾಕ್ ಸಡಿಲವಾಗಿತ್ತು. ಒಂದು ಸಂಜೆ ಮನೆಯಲ್ಲಿ ಪೆಟ್ಟಿಗೆಯೊಂದನ್ನು ಬಿಚ್ಚುವಾಗ ಅಲಗು ತಾನಾಗಿ ಮಡಚಿಕೊಂಡು ಅವನ ತೋರುಬೆರಳ ಮೇಲೆ ಕುಳಿತಿತು.

ಫಿಲೊಮಿನಾ ಕ್ಲಿನಿಕ್ಕೊಂದರ ಡ್ರೆಸ್ಸಿಂಗ್ ರೂಮಿನಲ್ಲಿ ಹದಿನೆಂಟು ವರ್ಷದಿಂದ ನರ್ಸಾಗಿದ್ದವಳು. ಬಟ್ಟೆ ಇಟ್ಟು ಇದ್ದ ಬಲವನ್ನೆಲ್ಲ ಹಾಕಿ ಒತ್ತಿ ಹಿಡಿದಳು. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಕೈ ತೆಗೆದಾಗಲೆಲ್ಲ ಕೆಂಪು ಮತ್ತೆ ಒಸರುತ್ತಿತ್ತು. ನಿಲ್ಲಲು ನಲವತ್ತು ನಿಮಿಷ ಹಿಡಿಯಿತು. ಮಾರನೆಯ ದಿನವೇ ಅವಳು ಚೂರಿಯನ್ನು ತೊಟ್ಟಿಗೆ ಹಾಕಿದ್ದು.

ಆದರೆ ಚೂರಿ ಹೋದರೂ ಪೆಟ್ಟಿಗೆಗಳು ಬರುವುದು ನಿಲ್ಲಲಿಲ್ಲ. ಮ್ಯಾಕ್ಸಿಮ್ ಬೀಗದ ಕೈಯಿಂದ ಟೇಪು ಹರಿದ, ಹಲ್ಲಿನಿಂದ ದಾರ ಕಚ್ಚಿದ, ಆಮೇಲೆ ಪೇಪರು ಕತ್ತರಿಸುವ ತೆಳ್ಳಗಿನ ಬ್ಲೇಡೊಂದನ್ನು ಕಿಸೆಗೆ ಹಾಕಿಕೊಂಡ. ಮುರಿದರೆ ಕಣ್ಣಿಗೇ ಹಾರುವಂಥ ಬ್ಲೇಡು. ಅದಕ್ಕಿಂತಲೂ ಹೆಚ್ಚು ಫಿಲೊಮಿನಾಳ ನಿದ್ದೆ ಕೆಡಿಸಿದ್ದು ಗಂಡನ ಇನ್ನೊಂದು ಮಾತು.

"ಓಲಿವರನೇ ತೆಗೆದದ್ದು. ದಿನಕ್ಕೆ ನಾಲ್ಕು ಸಲ, 'ಸ್ವಲ್ಪ ಚೂರಿ ಕೊಡು ಮಾರಾಯ' ಅಂತ ಬರ್ತಿದ್ದವ ಈಗ ಕೇಳ್ಲಿಕ್ಕೇ ಬರುದಿಲ್ಲ. ಯಾಕೆ ಹೇಳು?"

ಓಲಿವರ್ ಅದೇ ಸ್ಟೋರಿನಲ್ಲಿ ಲೆಕ್ಕ ಬರೆಯುವವನು, ಬಂಟ್ವಾಳದ ಕಡೆಯವನು. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಈಗ ಮ್ಯಾಕ್ಸಿಮ್ ಬೇರೆ ಕುಳಿತು ಉಣ್ಣುತ್ತಿದ್ದ.

ಹೊಸ ಚೂರಿಯೊಂದು ಸಿಕ್ಕಿದರೆ ಹಳೆಯದರ ಮಾತೇ ನಿಂತುಹೋಗಬಹುದು ಎಂದು ಫಿಲೊಮಿನಾ ಲೆಕ್ಕ ಹಾಕಿದಳು. ಆದರೆ ಎಂಥ ಚೂರಿ? ಬೆರಳು ಕೊಯ್ದುಕೊಂಡು ಕ್ಲಿನಿಕ್ಕಿಗೆ ಬಂದವರನ್ನೆಲ್ಲ ವಿಚಾರಿಸತೊಡಗಿದಳು. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಗೊತ್ತಿದ್ದಷ್ಟು ಅರಬಿಯಲ್ಲಿ. ಹೇಗಾಯಿತು, ಚೂರಿ ಎಂಥದ್ದು, ಕೈ ಒದ್ದೆಯಿತ್ತಾ? ಎರಡು ವಾರದಲ್ಲಿ ಹತ್ತು ಮಂದಿ. ಅವರಲ್ಲಿ ಏಳು ಮಂದಿಗೆ ತಾಗಿದ್ದು ಮೊಂಡು ಚೂರಿ. ಇಬ್ಬರಿಗೆ ಲಾಕ್ ಕೈಕೊಟ್ಟಿತ್ತು. ಒಬ್ಬ ಮಾತ್ರ ಫೋನು ನೋಡುತ್ತ ಕೊಯ್ದುಕೊಂಡಿದ್ದ. ಅವನಿಗೆ ಯಾವ ಚೂರಿಯೂ ಆಗಲಿಕ್ಕಿಲ್ಲ.

ಶನಿವಾರ ಬೆಳಿಗ್ಗೆ ಅವಳು ಮನಾಮದ ಹಳೆಯ ಪೇಟೆಯಾದ ಸೂಕಿನಲ್ಲಿರುವ ಆದಂ ಬ್ಯಾರಿಗಳ ಹಾರ್ಡ್‌ವೇರ್ ಅಂಗಡಿಗೆ ಹೋದಳು.

"ಬನ್ನಿ ಬಾಯಮ್ಮ. ಮೊನ್ನೆ ಕೊಂಡೋದ ನಲ್ಲಿ ಪುನಃ ಲೀಕ್ ಉಂಟಾ?"

"ನಲ್ಲಿ ಸರಿ ಉಂಟು ಆದಮಾಕ. ನನಗೊಂದು ಮಡಚುವ ಚೂರಿ ಬೇಕಿತ್ತು."

"ಯಾರನ್ನು ಕೊಲ್ಲಲಿಕ್ಕೆ?"

"ಯಾರೂ ಸಾಯಬಾರದು ಅಂತಲೇ ಬಂದದ್ದು."

ಆದಂ ನಕ್ಕು ಒಂದು ಟ್ರೇ ತುಂಬ ಚೂರಿ ತಂದರು. ಒಂದೊಂದನ್ನೂ ಗಾಜಿನ ಮೇಜಿನ ಮೇಲೆ ಇಟ್ಟರು. ಫಿಲೊಮಿನಾ ಅಲ್ಲಿಂದ ಎತ್ತಿಕೊಂಡಳು. ಚೂರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬ ಭಯ ಇಬ್ಬರ ಮನೆಯಲ್ಲೂ ಇದ್ದದ್ದೇ.

"ಇದು ಈಗಿನ ಮಕ್ಕಳಿಗೆ ಭಾರೀ ಇಷ್ಟ" ಎಂದು ತಲೆಬುರುಡೆಯ ಚಿತ್ರವಿದ್ದ ಒಂದನ್ನು ತೋರಿಸಿದರು.

"ನನ್ನ ಗಂಡನಿಗೆ ಐವತ್ತೆಂಟು."

ಎರಡನೆಯದನ್ನು ಮಡಚಬೇಕಾದರೆ ಒಳಗಿನ ತಗಡನ್ನು ಹೆಬ್ಬೆರಳಿನಿಂದ ಬದಿಗೆ ಸರಿಸಬೇಕಿತ್ತು, ಆ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತಿತ್ತು. ಅವಳು ಅದನ್ನು ಬದಿಗಿಟ್ಟಳು. ಮೂರನೆಯದು ಮರದ ಹಿಡಿಯದು, ಅಲಗು ಮಡಚದಂತೆ ಹಿಡಿದಿಡಲು ಕತ್ತಿನಲ್ಲಿ ತಿರುಗಿಸುವ ಬಳೆ, ನೋಡಲು ಚಂದ.

"ಅವರು ಮೀನು, ಐಸು ಮುಟ್ಟುವವರಲ್ವಾ?" ಎಂದರು ಆದಂ. "ಒದ್ದೆಯಾದ್ರೆ ಮರ ಊದ್ತದೆ. ಆಮೇಲೆ ಬಿಡಿಸ್ಲಿಕ್ಕೆ ಇಬ್ಬರು ಬೇಕು."

ನಾಲ್ಕನೆಯದಕ್ಕೆ ಯಾವ ಅಂದವೂ ಇರಲಿಲ್ಲ. ಕೈಗೆ ಹಿಡಿತ ಸಿಗುವ ದೊರಗು ಹಿಡಿ, ಉಪ್ಪು ಗಾಳಿಗೆ ತುಕ್ಕು ಹಿಡಿಯದ ಉಕ್ಕು, ಬೆರಳುದ್ದದ ಅಲಗು. ತುದಿ ಚೂಪಾಗಿರದೆ ಕುರಿಯ ಗೊರಸಿನಂತೆ ಕೆಳಗೆ ಬಾಗಿತ್ತು, ಚುಚ್ಚುವ ಭಯವಿಲ್ಲ. ಲಾಕ್ ಹಿಡಿಯ ಬೆನ್ನ ಮೇಲಿತ್ತು. ಮಡಚುವಾಗ ಬೆರಳು ಅಲಗಿನ ಎದುರು ಬರುವ ಪ್ರಸಂಗವೇ ಇಲ್ಲ. ಫಿಲೊಮಿನಾ ಬೆರಳುಗಳನ್ನು ದೂರ ಇಟ್ಟುಕೊಂಡು ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಒತ್ತಿ ನೋಡಿದಳು. ಮಡಚಲಿಲ್ಲ. ಇನ್ನೂ ಜೋರಾಗಿ ಒತ್ತಿದಳು. ಆಮೇಲೆ ಸ್ವಲ್ಪ ನೀರು ಕೇಳಿ, ಒದ್ದೆ ಕೈಯಲ್ಲಿ ಹತ್ತು ಸಲ ಬಿಡಿಸಿ ಮಡಚಿದಳು.

"ಚೂರಿಗೆ ಇಂಟರ್‌ವ್ಯೂ ಮಾಡುವವರನ್ನು ನಾನು ಇವತ್ತೇ ನೋಡಿದ್ದು" ಎಂದರು ಆದಂ. "ನನ್ನ ಮಗಳಿಗೆ ಗಂಡು ನೋಡುವಾಗ ನಿಮ್ಮನ್ನು ಕರ್ಕೊಂಡು ಹೋಗ್ಬೇಕಿತ್ತು."

ಅವರು ಕಾಗದದ ಚೂರೊಂದನ್ನು ಅಲಗಿಗೆ ತಾಗಿಸಿದರು. ಅದು ಸದ್ದಿಲ್ಲದೆ ಎರಡಾಯಿತು. ಫಿಲೊಮಿನಾ ಅಲಗಿನಿಂದ ಬೆರಳುಗಳನ್ನು ಇನ್ನಷ್ಟು ದೂರ ಸರಿಸಿದಳು.

"ಇಷ್ಟು ಹರಿತ ಬೇಕಾ ಆದಮಾಕ? ಸ್ವಲ್ಪ ಮೊಂಡು ಮಾಡಿ ಕೊಡ್ಲಿಕ್ಕೆ ಆಗ್ತದಾ?"

"ಮೊಂಡಾದ್ರೆ ಅವರು ಒತ್ತುತ್ತಾರೆ. ಒತ್ತಿದ್ದು ಜಾರ್ತದೆ. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಏಳು ಮಂದಿಯ ಬಾಯಿಂದ ಕೇಳಿದ ಮಾತದು. ಆದರೂ ಮ್ಯಾಕ್ಸಿಮನ ಕೈಗೆ ಇಷ್ಟು ಹರಿತವಾದದ್ದನ್ನು ತಾನೇ ಕೊಡುವುದೆಂದರೆ, ತಿಳಿದದ್ದು ಒಂದು ಕಡೆ ಉಳಿಯುತ್ತಿತ್ತು, ಧೈರ್ಯ ಇನ್ನೊಂದು ಕಡೆ. ಚೂರಿಯನ್ನು ಮಡಚಿ ಮೇಜಿನ ಮೇಲಿಟ್ಟಳು.

"ಹೀಗೇ ಇರ್ಲಿ. ಕಟ್ಟಿ ಕೊಡಿ."

ಜಿಂಜ್ ಬಡಾವಣೆಯ ತಮ್ಮ ಮನೆಗೆ ಬಂದಾಗ ಮ್ಯಾಕ್ಸಿಮ್ ಊಟದ ಮೇಜಿನಲ್ಲಿ ಚಮಚದ ಹಿಡಿಯಿಂದ ಕಿತ್ತಳೆಯ ಸಿಪ್ಪೆ ಎಬ್ಬಿಸುತ್ತಿದ್ದ. ಅವಳು ಡಬ್ಬಿಯನ್ನು ಅವನ ಮುಂದಿಟ್ಟಳು. ಅವನು ಮುಚ್ಚಳ ತೆರೆದು ನೋಡಿ, ಮುಚ್ಚಿ, ಹಿಂದಕ್ಕೆ ತಳ್ಳಿದ.

"ನನಗೆ ಯಾಕೆ ಹೊಸತು? ನನ್ನದು ಸಿಗ್ತದೆ. ನಾಳೆ ಮ್ಯಾನೇಜರಿಗೆ ಹೇಳಿ ಓಲಿವರನ ಲಾಕರ್ ತೆಗೆಸ್ತೇನೆ."

ಫಿಲೊಮಿನಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಇಂದು ಬಾಯಿ ಮುಚ್ಚಿಕೊಂಡರೆ ನಾಳೆ ಒಬ್ಬ ಮನುಷ್ಯನ ಮಾನ ಹೋಗುತ್ತಿತ್ತು.

"ತೆಗೆಸ್ಬೇಡಿ. ಅದು ನಾನು ಬಿಸಾಡಿದ್ದು."

"ಎಂತ?"

"ನಿಮ್ಮ ಚೂರಿ. ಕೆಳಗೆ ಕಸದ ತೊಟ್ಟಿಗೆ ಹಾಕಿದೆ. ಕೈ ಕೊಯ್ದುಕೊಂಡ ಮಾರನೇ ದಿನ."

ಮ್ಯಾಕ್ಸಿಮ್ ಚಮಚ ಕೆಳಗಿಟ್ಟ. ಹೆಂಡತಿಯನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಹದಿನೇಳು ದಿನ ನಾನು ಅವನ ಹತ್ರ ಮಾತಾಡ್ಲಿಲ್ಲ ಫಿಲ್ಲು. ಮನೆಗೆ ಬಂದು ದಿನಾ ಬೈದೆ. ನೀನು ಕೇಳ್ತಾ ಕೂತೆ."

"ಹೌದು."

"ಕ್ಲಿನಿಕ್ಕಿನಲ್ಲಿ ಪೇಶೆಂಟಿಗೆ ಸುಳ್ಳು ಹೇಳ್ತೀಯಾ?"

"ಇಲ್ಲ."

"ಹಾಗಾದ್ರೆ ನನಗೆ ಮಾತ್ರ."

"ನಲವತ್ತು ನಿಮಿಷ ರಕ್ತ ನಿಲ್ಲಲಿಲ್ಲ" ಎಂದಳು. "ಆಮೇಲೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೈ ನಡುಗ್ತಿತ್ತು. ನಿಮಗೆ ಗೊತ್ತಾಗ್ಬಾರದು ಅಂತ."

"ಗೊತ್ತಾಗಿತ್ತು" ಎಂದ ಮ್ಯಾಕ್ಸಿಮ್. "ಅದಕ್ಕೇ ನಾನೂ ಸುಮ್ಮನಿದ್ದದ್ದು. ನೀನು ಬಿಸಾಡಿ ಅಂತ ಹೇಳಿದ್ರೆ ಅವತ್ತೇ ನಾನೇ ಚೂರಿ ಬಿಸಾಡ್ತಿದ್ದೆ."

ಅವನು ಫೋನು ತೆಗೆದ. ಓಲಿವರ್ ಎತ್ತಿದಾಗ, "ಓಲಿ..." ಎಂದವನಿಗೆ ಮಾತು ಮುಂದುವರಿಯಲಿಲ್ಲ. ಫಿಲೊಮಿನಾ ಕೈಚಾಚಿ ಫೋನು ತೆಗೆದುಕೊಂಡು ಎಲ್ಲವನ್ನೂ ತಾನೇ ಹೇಳಿದಳು, ಏನನ್ನೂ ಸಣ್ಣದು ಮಾಡದೆ.

"ನನ್ನ ಮೇಲೆ ಸಂಶಯ ಅಂತ ಗೊತ್ತಿತ್ತು ಫಿಲ್ಲಕ್ಕ" ಎಂದ ಓಲಿವರ್. "ಒಂದು ಸಲ ಬಾಯಿ ಬಿಟ್ಟು ಕೇಳಿದ್ರೆ ಕಿಸೆ ತೆಗ್ದು ತೋರಿಸ್ತಿದ್ದೆ. ಕೇಳ್ಲಿಲ್ಲ ಅವ. ಅದೇ ಬೇಜಾರು."

"ತಪ್ಪು ನನ್ನದು ಓಲಿವರ್."

"ಅರ್ಧ ನಿಮ್ಮದು, ಅರ್ಧ ಅವನದ್ದು. ಅವನಿಗೆ ಹೇಳಿ, ನಾಳೆ ಊಟಕ್ಕೆ ನಾನು ಹಳೇ ಮೇಜಿನಲ್ಲೇ ಇರ್ತೇನೆ. ಬರುದಾದ್ರೆ ಬರ್ಲಿ."

ಫೋನು ಇಟ್ಟಾಗ ಮ್ಯಾಕ್ಸಿಮ್ ಡಬ್ಬಿಯನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡಿದ್ದ. ಹೊಸ ಚೂರಿಯನ್ನು ಬಿಡಿಸಿ, ಬೆನ್ನಿನ ಲಾಕನ್ನು ಒತ್ತಿ, ಮಡಚಿ, ಮತ್ತೆ ಬಿಡಿಸಿದ. ಕಿತ್ತಳೆಯನ್ನು ಕೈಗೆತ್ತಿಕೊಂಡ. ಫಿಲೊಮಿನಾಳ ಕಣ್ಣು ಅವನ ಹೆಬ್ಬೆರಳಿನ ಮೇಲೇ ನೆಟ್ಟಿತು.

"ಇನ್ನು ಬಿಸಾಡುದಾದ್ರೆ ಹೇಳಿ ಬಿಸಾಡು" ಎಂದ ಅವನು, ತಲೆ ಎತ್ತದೆ. "ಈಗ ಆಚೆ ಹೋಗು ಮಾರಾಯ್ತಿ. ನೀನು ನೋಡ್ತಾ ನಿಂತ್ರೆ ನನ್ನ ಕೈ ನಡುಗ್ತದೆ."

ಅವಳು ಅಡಿಗೆಮನೆಗೆ ಹೋಗಿ ಪಾತ್ರೆಗೆ ಅಕ್ಕಿ ಹಾಕಿ ನಲ್ಲಿ ತಿರುಗಿಸಿದಳು. ನೀರಿನ ಸದ್ದಿನ ಆಚೆಗೆ ಏನಾದರೂ ಕೇಳುತ್ತದೋ ಎಂದು ಕಿವಿಗೊಟ್ಟಳು, ಏನೂ ಕೇಳಲಿಲ್ಲ. ಒಮ್ಮೆ ಇಣುಕಿ ನೋಡಿದರೆ ಏನಾಗುತ್ತದೆ ಎನ್ನಿಸಿತು. ತಿರುಗಲಿಲ್ಲ. ತೊಳೆದ ನೀರನ್ನು ಚೆಲ್ಲಿ, ಮತ್ತೆ ತುಂಬಿಸಿ, ಅಕ್ಕಿಯನ್ನು ಇನ್ನೊಮ್ಮೆ ನಿಧಾನವಾಗಿ ತೊಳೆದಳು.