ಪುಕ್ಕಟೆಯ ಓದು

ಧಣಿ ವಿರೂಪಣ್ಣನ ಮನೆಯಿಂದ ಬಂದ ಹೊಸ ಧೋತರವನ್ನು ಮೂಕಮ್ಮ ಗಂಡ ತಾಯಣ್ಣನ ಹೆಣದ ಮೇಲಿಂದ ಕಿತ್ತು ಅಂಗಳಕ್ಕೆ ಎಸೆದಳು. ಜಾಲಹಳ್ಳಿಯ ಕೇರಿಯವರು ಅದನ್ನು ಮುಟ್ಟದೆ ಹಿಂದೆ ಸರಿದರು. ಧಣಿ ಹೊದಿಸಿದ ಬಟ್ಟೆಯಲ್ಲಿ ಆಳಿನ ಹೆಣ ಮಣ್ಣಿಗಿಳಿದರೆ, ಮರುದಿನದಿಂದ ಅವನ ಮಗನೇ ಆ ಮನೆಯ ಜೀತದಾಳು. ಅದು ಅಲ್ಲಿಯ ಕಟ್ಟಳೆ. ರಾಯಚೂರಿನಿಂದ ಓಡಿಬಂದ ಮಗ ಯಂಕೋಬ ತಂದೆಯ ಕಾಲ ಬಳಿ ಕುಳಿತಿದ್ದ.

"ಹುಚ್ಚು ಹಿಡದದೇನಬೇ?" ನೆರೆಯ ಬೂದೆಮ್ಮ ಪಿಸುಗುಟ್ಟಿದಳು. "ಇದ್ದಾಗ ಲಂಗೋಟಿ ಕೊಡಲಿಲ್ಲ, ಸತ್ತಮ್ಯಾಲ ಧೋತರ ಕಳಿಸ್ಯಾನ. ಸುಮ್ನ ಹೊಚ್ಚು."

"ನಾಡಿದ್ದು ನನ್ನ ಮಗಂದು ಬಿ.ಎ. ಕಡೀ ಪರೀಕ್ಷಾ ಅದ. ಅವರಪ್ಪನ್ನ ನನ್ನ ಸೀರ್ಯಾಗ ಮಣ್ಣು ಮಾಡ್ತೀನಿ."

*

ಮೂರು ವರ್ಷದ ಹಿಂದೆ, ೧೯೭೬ರಲ್ಲಿ, ತಾಯಣ್ಣ ರಾಯಚೂರಿನಿಂದ ಬಂದವನೇ ನೆಟ್ಟಗೆ ಧಣಿಯ ಕಟ್ಟೆಗೆ ಹೋಗಿದ್ದ. ಮನೆಯ ಸಂತೋಷವನ್ನು ಮೊದಲು ಕೂಳು ಹಾಕಿದವನಿಗೆ ತಿಳಿಸಬೇಕೆಂದು ನಂಬಿದ್ದೇ ಆ ಬಡವನ ತಪ್ಪು.

"ಯಂಕೋಬಗ ಕಾಲೇಜಿನ್ಯಾಗ ಸೀಟು ಸಿಕ್ಕದ ಧಣಿ. ಸರಕಾರ ಪುಕ್ಕಟ್ಟ ಓದಸ್ತದಂತ್ರೀ."

"ಪುಕ್ಕಟ್ಟ? ನನ್ನ ಎತ್ತಿನ ಹಿಂದ ಯಾರಲೇ ಹೋಗಾವ್ರು, ಸರಕಾರನಾ?"

ವಿರೂಪಣ್ಣ ಅವನನ್ನು ಬಂಡಿಯ ಗಾಲಿಗೆ ಕಟ್ಟಿಸಿ ಬಾರುಕೋಲಿನಿಂದ ಹೊಡೆಸಿದ. ಸರಕಾರ ಶುಲ್ಕವನ್ನು ಮಾಫಿ ಮಾಡಿತ್ತು. ತಂದೆಯ ಬೆನ್ನನ್ನು ಮಾಫಿ ಮಾಡುವ ಕಾಗದ ಯಾವ ಕಚೇರಿಯಲ್ಲೂ ಇರಲಿಲ್ಲ. ಅಂದಿನಿಂದ ತಾಯಣ್ಣ ಇಬ್ಬರ ದುಡಿಮೆ ದುಡಿದ. ಮೊನ್ನೆ, ಮಗನನ್ನು ಜೀತಕ್ಕೆ ಕರೆಸಲಾರೆ ಎಂದು ಧಣಿಗೆ ಹೇಳಿದ್ದಕ್ಕೆ ಬಿದ್ದ ಪೆಟ್ಟು ಕಡೆಯದಾಯಿತು.

*

ಮೂಕಮ್ಮನ ಸೀರೆ ಸುತ್ತಿದ ಹೆಣವನ್ನು ಇಳಿಸಿದ್ದ ಕುಣಿಯ ಬಳಿಗೆ ವಿರೂಪಣ್ಣ ತಾನೇ ಬಡಿಗೆ ಹಿಡಿದು ಬಂದ.

"ನಾ ಕೊಟ್ಟ ಧೋತರ ಅಂಗಳಕ್ಕ ಒಗೀತೀಯಾ? ನಿನ್ನ ಮಗನ ಬರಿಯೋ ಕೈನ ಮುರೀತೀನಿ ನೋಡು."

ಎತ್ತಿದ ಬಡಿಗೆಗೆ ಮೂಕಮ್ಮ ಅಡ್ಡ ಬಂದಳು. ಅವಳ ಬಲಗೈಯ ಎಲುಬು ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು.

ಯಂಕೋಬ ಗುದ್ದಲಿ ಎತ್ತಿದ. ಕೇರಿಯ ಗಂಡಸರು ಕಲ್ಲು ಹಿಡಿದು ಎದ್ದುನಿಂತರು. ವಿರೂಪಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಮೂಕಮ್ಮ ಮಗನ ಕೆನ್ನೆಗೆ ಬಾರಿಸಿದಳು.

"ಜೈಲಿನ್ಯಾಗೂ ಪುಕ್ಕಟ್ಟ ಇಟ್ಕೋತಾರಲೇ! ಅದಕ್ಕೇನು ನಿಮ್ಮಪ್ಪ ಸತ್ತಿದ್ದು? ಬಸ್ಸಿಗಿ ನಡಿ!"

"ಯವ್ವಾ, ಮಣ್ಣರ ಕೊಟ್ಟು ಹೋಗ್ತೀನಿ..."

"ಮಣ್ಣು ಕೊಡಾಕ ನಾ ಅದೀನಿ. ನಡಿ ನೀ."

ದೇವದುರ್ಗದ ಹಾದಿಯಲ್ಲಿ ಯಂಕೋಬ ಹತ್ತಿದ ಬಸ್ಸಿನ ಸದ್ದು ಅಡಗುವವರೆಗೆ ಧಣಿಯ ಎದುರು ಯಾರೂ ಕಲ್ಲು ಕೆಳಗಿಡಲಿಲ್ಲ. ಮೂಕಮ್ಮ ಕುಣಿಯಂಚಿನಲ್ಲಿ ಮೊಣಕಾಲೂರಿದಳು.

"ಎಡಗೈಲೆ ಮಣ್ಣು ಕೊಡಬಾರದವಾ ತಂಗೀ," ಎಂದ ಹಿರಿಯನೊಬ್ಬ.

ಬಲಗೈ ಜೋತಾಡುತ್ತಿತ್ತು. ಅವಳು ಎಡಗೈ ತುಂಬ ಕರಿಮಣ್ಣು ಬಾಚಿ ಗಂಡನ ಎದೆಯ ಮೇಲೆ ಹಾಕಿದಳು. ಮತ್ತೊಂದು ಹಿಡಿ, ಮತ್ತೂ ಒಂದು.