ಗೋದಲಿಯ ಜೊಂಡು

ಸಭೆಯಲ್ಲಿ ಯಾರಾದರೂ ಏನಾದರೂ ಕೇಳಿಬಿಟ್ಟರೆ ತನ್ನ ದನಿ ಹೊರಗೆ ಬರುತ್ತದೋ ಇಲ್ಲವೋ ಎಂದು ಜೆನ್ನಿ ಬೆಳಿಗ್ಗೆ ಡೈರಿಯಲ್ಲಿ ಬರೆದುಕೊಂಡಳು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಯಾರೂ ಕೇಳದಿದ್ದರೆ ಇನ್ನೂ ಕಷ್ಟ.

ಭೂಗೋಳದಲ್ಲಿ ಎಂ.ಎ. ಮುಗಿಸಿ ಕೆರೆ ಸಮೀಕ್ಷೆಯ ತಂಡಕ್ಕೆ ಗುತ್ತಿಗೆಯ ಮೇಲೆ ಸೇರಿದ್ದಳು. ರಾಜೀವನಗರದಾಚೆಯ ಕೆರೆಯನ್ನು ಜೌಗು ಪ್ರದೇಶವೆಂದು ಘೋಷಿಸಿ ಕಾಪಾಡುವುದಕ್ಕೆ ಕರಡು ನಕ್ಷೆ ಹೊರಬಿದ್ದಿತ್ತು. ನಕ್ಷೆಯ ಗಡಿಗೆರೆಯ ಒಳಗೆ ಒಂದು ಬುಟ್ಟಿ ಮಣ್ಣನ್ನೂ ಸುರಿಯುವಂತಿಲ್ಲ. ಹೊರಗೆ ಸುರಿದರೆ ಯಾರ ಅಡ್ಡಿಯೂ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಜಿಪಿಎಸ್ ಹಿಡಿದು ಕೆರೆ ಸುತ್ತಿ, ತೇವ ಮುಗಿದಲ್ಲೆಲ್ಲ ಗುರುತು ಹಾಕಿಕೊಂಡು ಬಂದವಳು ಅವಳೇ.

ಕಳೆದ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ತಾತ ಆರೋಗ್ಯಪ್ಪ, "ಬಾ ಮಗ, ಜೊಂಡು ಕುಯ್ಕೊಂಡ್ ಬರೋಣ" ಎಂದಿದ್ದರು. ಕ್ರಿಸ್ಮಸ್ಸಿಗೆ ಮನೆಯಲ್ಲಿ ಕಟ್ಟುವ ಗೋದಲಿಯ ಮಾಡಿಗೆ ಕೆರೆಯಂಚಿನ ಜೊಂಡೇ ಆಗಬೇಕು ಅವರಿಗೆ. ಜೆನ್ನಿ ಅವರ ಜೊತೆ ಹೋಗಿ ಎಷ್ಟೋ ವರ್ಷವಾಗಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಹುಣಸೆಮರ ದಾಟಿದವಳು ಮೊಣಕಾಲುದ್ದ ನೀರಿನಲ್ಲಿ ನಿಂತುಬಿಟ್ಟಳು.

"ತಾತ, ಇಲ್ಲಿ ನೀರಿದೆ."

"ನೀರಿಲ್ದೆ ಜೊಂಡು ಎಂಗ್ ಬೆಳೀತದೆ? ಇಷ್ಟು ವರ್ಷ ನಾನೇನು ಮಂಡಿ ಮೊಹಲ್ಲಾದಲ್ಲಿ ಕೊಂಡ್ಕೊಂಡ್ ಬರ್ತಿದ್ನಾ?"

ಫೋನ್ ತೆಗೆದು ನೋಡಿದಳು. ಅವಳು ನಿಂತ ಜಾಗ ಗೆರೆಯಿಂದ ಇನ್ನೂರು ಅಡಿ ಆಚೆಗಿತ್ತು. ನಕ್ಷೆಯಲ್ಲಿ ಅದು ಒಣನೆಲ. ಎರಡು ಜಂಬುಕೋಳಿ ಅವಳನ್ನು ಕಂಡು ಜೊಂಡಿನೊಳಕ್ಕೆ ನುಸುಳಿದವು.

ಮರುದಿನ ಹೇಳಿಬಿಡಬೇಕೆಂದು ತಂಡದ ಎಂಜಿನಿಯರ್ ವಾಗೀಶರ ಮೇಜಿನವರೆಗೆ ಹೋಗಿದ್ದಳು. ಅವರು ತಲೆಯೆತ್ತಿ "ಏನಮ್ಮ?" ಎಂದೊಡನೆ ಸ್ಟೇಪ್ಲರ್ ಕೇಳಿ, ಇಸಿದುಕೊಂಡು ವಾಪಸ್ ಬಂದಿದ್ದಳು. ಆ ಸ್ಟೇಪ್ಲರ್ ಇನ್ನೂ ಅವಳ ಬ್ಯಾಗಿನಲ್ಲೇ ಇತ್ತು.

ಆಕ್ಷೇಪಣೆ ಹೇಳುವುದಕ್ಕೆ ಇವತ್ತೇ ಕೊನೆಯ ದಿನ. ಬಡಾವಣೆಯ ಸಮುದಾಯ ಭವನದಲ್ಲಿ ನಲವತ್ತು ಜನ ಸೇರಿದ್ದರು. ಕಾಫಿ ಕೊಡುತ್ತಾರಂತೆ ಎಂದು ತಾತನೂ ಬಂದಿದ್ದರು. ಪಕ್ಕದಲ್ಲಿ ಕುಳಿತಿದ್ದ, ಕೆರೆಯಂಚಿನಲ್ಲಿ ಎಮ್ಮೆ ಮೇಯಿಸುವ ದೇವಿರಮ್ಮನಿಗೆ ಗೋಡೆಯ ಮೇಲಿನ ನಕ್ಷೆ ತೋರಿಸಿ, "ಅದನ್ನ ಅಳ್ದಿದ್ದು ನಮ್ಮ ಮೊಮ್ಮಗಳೇ ಕಣಮ್ಮ" ಎಂದರು. ಜೆನ್ನಿ ತಲೆ ತಗ್ಗಿಸಿದಳು. ನಾಚಿಕೆ ಎಂದುಕೊಂಡು ತಾತ ಅವಳ ಬೆನ್ನು ತಟ್ಟಿದರು.

ವಾಗೀಶರು ನಕ್ಷೆ ವಿವರಿಸಿ ಮುಗಿಸಿದ ಮೇಲೆ ದೇವಿರಮ್ಮ ಎದ್ದಳು. "ಸಾಮಿ, ಆ ಉಣ್ಸೆಮರದ್ ಬುಡದ್ಗಂಟ ನೀರು ಬರ್ತದೆ. ನೀವು ಗೆರೆ ಎಳ್ದಿರೋದು ಬಲು ಈಚ್ಗೆ. ನಾಳೆ ಲಾರಿಲಿ ಮಣ್ಣು ತಂದು ಸುರ್ದ್‌ಬುಟ್ರೆ ಏನ್ ಮಾಡಾದು?"

"ಅಮ್ಮ, ನಮ್ಮೋರು ಖುದ್ದಾಗಿ ಹೋಗಿ ಅಳತೆ ಮಾಡಿದ್ದಾರೆ. ಅಲ್ಲಿ ನೀರಿರಲಿಲ್ಲ. ಬರುತ್ತೆ ಅನ್ನೋದಕ್ಕೆ ನಿಮ್ಮ ಹತ್ರ ದಾಖಲೆ ಇದೆಯಾ?"

"ನನ್ ಎಮ್ಮೆಗೋಳು ಅಲ್ಲೇ ಮುಳುಗಿ ಏಳ್ತವೆ. ಅವುನ್ನೇ ಒಡ್ಕೊಂಡ್ ಬರ್ಲಾ?"

ಎಲ್ಲರೂ ನಕ್ಕರು. ದೇವಿರಮ್ಮನೂ ನಕ್ಕಳು. ಆಮೇಲೆ ನಗು ನಿಂತಿತು. ವಾಗೀಶರು ಹಾಳೆಯ ಮೇಲೆ ಏನೋ ಬರೆದುಕೊಂಡು, "ಬೇರೆ ಯಾರಾದರೂ?" ಎಂದರು. ದೇವಿರಮ್ಮ ಸೆರಗು ಸರಿಪಡಿಸಿಕೊಂಡು ಕುಳಿತಳು. ಕೋಪವಿಲ್ಲದ ಕಣ್ಣಿನಿಂದ ಒಮ್ಮೆ ಜೆನ್ನಿಯನ್ನು ನೋಡಿ, ಮುಖ ಆಚೆ ತಿರುಗಿಸಿದಳು.

ತಾತ ನಕ್ಕಿರಲಿಲ್ಲ. ಅವರು ನಕ್ಷೆಯನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಜೊಂಡು ಗೀರಿದ ಗಾಯ ಅವರ ಮುಂಗೈಯಲ್ಲಿ ಇನ್ನೂ ಮಾಯ್ದಿರಲಿಲ್ಲ. ಆ ಕೈಯನ್ನು ನಿಧಾನವಾಗಿ ಚಾಚಿ, ಜೆನ್ನಿಯ ತೊಡೆಯ ಮೇಲಿದ್ದ ಬ್ಯಾಗನ್ನು ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು, ಎದ್ದು ಹೋಗುವವರ ಸಾಮಾನು ಕಾಯುವವರ ಹಾಗೆ.

ಜೆನ್ನಿ ಎದ್ದು ನಿಂತಳು. ಕುರ್ಚಿ ಕಿರ್ರೆಂದಿತು. ನಲವತ್ತು ಮುಖಗಳು ಅವಳ ಕಡೆ ತಿರುಗಿದವು.

"ಸರ್, ದೇವಿರಮ್ಮ ಹೇಳ್ತಿರೋದೇ ಸರಿ," ಎಂದಳು. ದನಿ ಸಣ್ಣದಾಗಿತ್ತು, ಆದರೆ ಹೊರಗೆ ಬಂದಿತ್ತು. "ಆ ಗೆರೆ ತಪ್ಪು. ಎಳೆದೋಳು ನಾನೇ. ನೀರು ಬತ್ತಿದ ತಿಂಗಳಲ್ಲಿ ಎಳೆದೆ."