ಒಂದಕ್ಕ ಹೋಗೋ ಜಾಗ

“ಏ ಮುಂಡೇದೇ, ಎಲ್ಲಿಗ್ ಹೊಂಟಿ? ಅದು ಬಾತ್‌ರೂಮು!”

“ಗೊತ್ತೈತ್ರಿ ಅಮ್ಮಾರ. ಅದಕ್ಕ ಹೊಂಟೀನ್ರಿ. ದೇವರ ಮನಿ ಆಗಿದ್ರ ಹೊಕ್ಕಿದ್ದಿಲ್ಲ.”

ಅವ್ವನ ಒಂದು ಕಾಲು ಆಗಲೇ ಹೊಸ್ತಿಲ ಆಚೆ ಇತ್ತು. ಕೃಷ್ಣಾಬಾಯಿ ಊರುಗೋಲನ್ನು ರೈಲ್ವೆ ಗೇಟಿನ ಹಾಗೆ ಅಡ್ಡ ಹಿಡಿದರು. ಮಡಿಸೀರೆ ಅವ್ವನಿಗೆ ತಾಗೀತೆಂದು ಹಿಂದಕ್ಕೂ ಸರಿದರು. ಕೋಲು ಮುಂದೆ, ತಾವು ಹಿಂದೆ.

“ನಾಲಿಗಿ ನೋಡು ರಂಡೀದು! ಕಲ್ಲೊಡ್ಡರಿಗೆ ಇಟಾಲಿಯನ್ ಕಮೋಡ್ ಬೇಕಾತೇನು? ಹೊರಗ ಗಲ್ಲಿ ಅದ. ಹೋಗು.”

ಅವ್ವ ಕಾಲು ಹಿಂದೆ ತೆಗೆದಳು. ನನ್ನ ಹತ್ತಿರ ಬಂದು ಕಿವಿಯಲ್ಲಿ, “ಇಟಲಿಯಿಂದ ಬಂದೈತಂತ. ಪಾಪ, ಅಷ್ಟ್ ದೂರದಿಂದ ಬಂದದ್ದಕ್ಕ ಮುದುಕಿ ಕುಂಡಿ ಒಂದ ನೋಡೂ ಯೋಗ” ಅಂದಳು. ನಾನು ನಗದೆ ಕಲ್ಲಿನ ಸಂದಿಗೆ ಸಿಮೆಂಟಿನ ಮಾಲು ತುಂಬುತ್ತಿದ್ದೆ. ನಗು ಬಂದರೆ ಕೈ ನಡುಗುತ್ತದೆ.

ತಾರ್ನಾಕದ ಆ ಮನೆ ಜಯತೀರ್ಥರಾಯರದು. ಕೃಷ್ಣಾಬಾಯಿ ಅವರ ತಾಯಿ. ಕನ್ನಡದವರ ಮನೆ ಎಂದು ಅಪ್ಪ ಖುಷಿಪಟ್ಟು ಈ ಕೆಲಸ ಹಿಡಿದಿದ್ದ. ಹೈದರಾಬಾದಿನಲ್ಲಿ ಎಲ್ಲರೂ ಅವನನ್ನು ತೆಲುಗಿನಲ್ಲಿ, ಹಿಂದಿಯಲ್ಲಿ ಬೈಯುತ್ತಿದ್ದರು. ಇಲ್ಲಿ ಕನ್ನಡದಲ್ಲಿ ಬೈಸಿಕೊಳ್ಳಬಹುದಿತ್ತು.

ನಾವು ಚಿತ್ತಾಪುರದ ಕಡೆಯ ಕಲ್ಲೊಡ್ಡರು. ಸನತ್‌ನಗರದ ಕಾರ್ಖಾನೆಗಳ ಹಿಂದೆ ಗುಡಿಸಲು. ನಾನು ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದವಳು. ಬೆರಳು ಸಣ್ಣವು, ಸಂದಿ ತುಂಬಲು ಅನುಕೂಲ. ಹಾಗಾಗಿ ನನ್ನ ಪದವಿ ಅಪ್ಪನಿಗೆ ಸಂದಿಯಲ್ಲೇ ಉಪಯೋಗಕ್ಕೆ ಬಂತು. ಮಾತು ಕಡಿಮೆ. ಕೆಲಸದ ಜಾಗದಲ್ಲಿ ನನ್ನ ಹೆಸರು ಮೂಗಿ.

ರಾಯರಿಗೆ ಹಾಲ್‌ನ ಒಂದು ಗೋಡೆ, ಒಂದೇ ಗೋಡೆ, ಪೂರ್ತಿ ಕಲ್ಲಿನದಾಗಬೇಕಿತ್ತು. ಉಳಿದ ಮೂರಕ್ಕೆ ಬೆಣ್ಣೆಯಂಥ ಬಣ್ಣ. ಟಿ.ವಿ. ಹಿಂದಿನ ಈ ಗೋಡೆ ಮಾತ್ರ ಒರಟು, ಉಬ್ಬು-ತಗ್ಗು, ಬಂಡೆ ಒಡೆದ ಹಾಗೆ. ಬಂಜಾರಾ ಹಿಲ್ಸಿನಿಂದ ಬರುತ್ತಿದ್ದ ಡಿಸೈನರ್ ಹುಡುಗಿ ಕೂಲಿಂಗ್ ಗ್ಲಾಸನ್ನು ತಲೆಯ ಮೇಲೆ ಸಿಕ್ಕಿಸಿಕೊಂಡು ಅಪ್ಪನಿಗೆ ಹೇಳಿದ್ದಳು: “ಶಾಂತಪ್ಪ, ಪೂರಾ ವಿಲೇಜ್ ಲುಕ್ ಆನಾ. ಗರೀಬ್ ಕಾ ಘರ್ ಜೈಸಾ, ಲೇಕಿನ್ ಕ್ಲಾಸ್.”

ಬಡವರ ಮನೆಯ ಹಾಗೆ ಎಂದದ್ದಕ್ಕೆ ಅಪ್ಪ ತಲೆಯಾಡಿಸಿದ. ನಮ್ಮೂರ ಮನೆಯ ನಾಲ್ಕೂ ಗೋಡೆ ಹೀಗೇ ಇದ್ದವು. ಬೀಗರು ನೋಡಲು ಬರುತ್ತಾರೆಂದಾಗ ಅಪ್ಪ ನಾಚಿ, ಸಾಲ ಮಾಡಿ ಗಾರೆ ಬಳಿದಿದ್ದ.

“ಹಂಗಾದ್ರ ನಮ್ಮನ್ನೂ ಗ್ವಾಡಿಗೆ ಹಚ್ಚಿಬಿಡ್ರವಾ, ಲುಕ್ಕು ಪೂರಾ ಆಗ್ತೈತಿ” ಅಂದಿದ್ದಳು ಅವ್ವ. ಡಿಸೈನರಿಗೆ ಕನ್ನಡ ಬಾರದು. “ಸೋ ಸ್ವೀಟ್” ಅಂದಳು.

ಕಲ್ಲು ಹಚ್ಚುವ ಕೆಲಸದಲ್ಲಿ ಅವ್ವನ ಪಾಲು ಬಣ್ಣ ಹೊಂದಿಸುವುದು. ಕಲ್ಲಿನ ಮೇಲೆ ಧೂಳಿದ್ದಾಗ ನಿಜವಾದ ಬಣ್ಣ ಕಾಣುವುದಿಲ್ಲ. ಒದ್ದೆಯಾದರೆ ಕಾಣುತ್ತದೆ. ನಮ್ಮಲ್ಲಿ ಅದಕ್ಕೆ ಬಕೀಟು ಹುಡುಕುವುದಿಲ್ಲ. ಬೆರಳಿಗೆ ಉಗುಳು ಹಚ್ಚಿ ಕಲ್ಲು ತಿಕ್ಕುತ್ತೇವೆ. ಜೇನಿನ ಬಣ್ಣದ್ದು ಇತ್ತ, ಬೂದಿ ಬಣ್ಣದ್ದು ಅತ್ತ. ಸಂಜೆ ರಾಯರು ಬಂದು ಗೋಡೆಯ ಮೇಲೆ ಅಂಗೈ ಆಡಿಸಿ, “ಎಷ್ಟು ನ್ಯಾಚುರಲ್ ಅದ ನೋಡು ಅಮ್ಮಾ, ಕೈ ಇಟ್ರ ತಂಪು ಹತ್ತತದ” ಅನ್ನುತ್ತಿದ್ದರು. ಕೃಷ್ಣಾಬಾಯಿಯೂ ಸವರಿ ನೋಡುತ್ತಿದ್ದರು. ಅವ್ವ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಳು.

ಆದರೆ ಆ ವಾರ ಅವ್ವನ ಬಾಯಲ್ಲಿ ಉಗುಳು ಒಣಗುತ್ತ ಬಂತು. ಉಚ್ಚೆಗೆ ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಮೊದಲು ಅಷ್ಟು ದೂರದ ಯೂನಿವರ್ಸಿಟಿ ಗೋಡೆಯ ಪೊದೆಗಳಿದ್ದವು. ಅಲ್ಲಿ ವಾಚ್‌ಮನ್ ಸೀಟಿ ಊದಿ ಓಡಿಸಿದ. ಉಳಿದದ್ದು ಮನೆಯ ಪಕ್ಕದ ಗಲ್ಲಿ. ನಾನು ಅವ್ವನ ಮುಂದೆ ಸೆರಗು ಹರಡಿ, ರಸ್ತೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಸ್ಕೂಟರಿನವನು ಬಂದರೆ ಕೆಮ್ಮಬೇಕು. ನಾನು ಕೆಮ್ಮಿದೊಡನೆ ಅವ್ವ ಅರ್ಧಕ್ಕೇ ಏಳುತ್ತಿದ್ದಳು. “ಉಚ್ಚೀನ ಅರ್ಧಕ್ಕ ನಿಲ್ಸೂದು ಕಲ್ತೀನಿ ನೋಡ ಮೂಗಿ, ಇದಕ್ಕೊಂದು ಬಿ.ಎ. ಐತೇನ?”

ಪಕ್ಕದ ಮನೆಯವರು ದೂರು ಕೊಟ್ಟರು. ಮರುದಿನ ರಾಯರು ಅಪ್ಪನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡರು. ಅವರು ಬೈಯುವಾಗಲೂ ದನಿ ಎತ್ತುವವರಲ್ಲ.

“ಶಾಂತಪ್ಪಾ, ಇದೇನಿದು? ನಾಯಿ ಸುದ್ಧಾ ಕಂಬ ಹುಡುಕ್ತದ. ನಿಮ್ಮ ಹೆಂಗಸರಿಗೆ ಅಷ್ಟೂ ಇಲ್ಲೇನು? ನನಗ ಓಣಿಯೊಳಗ ಮಾರಿ ತೋರ್ಸಲಿಕ್ಕೆ ಆಗವಲ್ತು.”

“ಏನ್ ಮಾಡ್ಲಿರಿ ಸಾಹೇಬ್ರ. ಒಳಗ ಬಿಡೂದಿಲ್ಲ ಅಂತಾರಿ ಅಮ್ಮಾರು.”

“ಒಳಗ ಹ್ಯಾಂಗ ಬಿಡ್ಲಿಕ್ಕಾಗ್ತದ? ಮಡಿ-ಮೈಲಿಗಿ ಇರೋ ಮನಿ. ತಡಕೋಬೇಕಪಾ. ನಾವು ಆಫೀಸಿನ್ಯಾಗ ತಡಕೊಳ್ಳೂದಿಲ್ಲೇನು?”

ರಾಯರು ಕಾರಿನ ಡಿಕ್ಕಿಯಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದರು. ತೆರೆದರೆ ಅಂಗೈಯಗಲದ ಹೊಳೆಯುವ ಟೈಲ್ಸುಗಳು: ವೆಂಕಟರಮಣ, ಹನುಮಪ್ಪ, ಗಣಪತಿ, ಲಕ್ಷ್ಮಿ. ಹೈದರಾಬಾದಿನ ಗೋಡೆಗಳ ಬುಡದಲ್ಲಿ, ಜನ ಉಚ್ಚೆ ಹೊಯ್ಯದಿರಲೆಂದು ಹಚ್ಚುತ್ತಾರಲ್ಲ, ಅವು.

“ನಾಳೆ ನಾವು ಮಠಕ್ಕ ಹೊಂಟೇವಿ. ನಾವು ಬರೂದ್ರೊಳಗ ಇವನ್ನ ಹಚ್ಚಿಬಿಡು. ಎಲ್ಲೆಲ್ಲೆ ಒಂದಕ್ಕ ಹೋಗ್ತಾರೋ ಅಲ್ಲೆಲ್ಲಾ ಒಂದೊಂದು. ಒಂದು ಜಾಗಾನೂ ಬಿಡಬ್ಯಾಡ. ದೇವರ ಮುಂದ ಅದ್ಯಾರ್ ಕೂಡ್ತಾರೋ ನೋಡ್ತೀನಿ.”

“ಸಾದಾ ಸಿಮೆಂಟ್ ಸಾಕೇನ್ರಿ?”

“ಕಲ್ಲಿಗೆ ಹಚ್ಚೋ ಅಂಟs ಹಚ್ಚು. ಜನಮದಾಗ ಕೀಳಬಾರದು.”

ಆ ಅಂಟು ಎರಡು ಡಬ್ಬಿಯದು. ಎರಡನ್ನೂ ಕಲಸಿ ಹಚ್ಚಿದರೆ ಚಹಾ ಕುಡಿದು ಬರುವುದರೊಳಗೆ ಬಂಡೆ. ಆಮೇಲೆ ಕೀಳಲು ಹೋದರೆ ಕಲ್ಲು ಒಡೆದೀತು, ಅಂಟು ಬಿಡದು.

“ಒಂದಕ್ಕ ಅಂದ್ರೇನಬೇ?” ಎಂದು ಅಪ್ಪ ಅವ್ವನನ್ನು ಕೇಳಿದ.

“ದೊಡ್ಡೋರ ಉಚ್ಚಿ” ಅಂದಳು ಅವ್ವ. “ನಮ್ದು ಬರೇ ಉಚ್ಚಿ.”

ಆ ದಿನದ ಮಟ್ಟಿಗೆ ಅದೇ ಅವಳ ಕೊನೆಯ ಹಾಸ್ಯವಾಯಿತು. ಮಧ್ಯಾಹ್ನ ಅವಳ ಮೈ ಕಾದಿತ್ತು. ಕಿಬ್ಬೊಟ್ಟೆಯಲ್ಲಿ ಉರಿ ಎಂದು ಎರಡು ಸಲ ಗಲ್ಲಿಗೆ ಹೋಗಿ ಬಂದಳು. ಎರಡೂ ಸಲ ಯಾರೋ ಬಂದರು, ನಾನು ಕೆಮ್ಮಿದೆ. ಮೂರನೆಯ ಸಲ ಹೋಗಲಿಲ್ಲ. ಗೋಡೆಯ ಮೇಲಿನ ಸಾಲಿಗೆ ದೊಡ್ಡ ಕಲ್ಲೊಂದು ಬೇಕಿತ್ತು. ಅವ್ವ ಅದನ್ನು ಎದೆಗಪ್ಪಿ ಎತ್ತಿದಳು. ಎತ್ತಿದವಳು ಹಾಗೇ ನಿಂತುಬಿಟ್ಟಳು. ಅವಳ ಕಾಲ ಹತ್ತಿರ ಬಿಳಿ ಮಾರ್ಬಲ್ಲಿನ ಮೇಲೆ ನೀರು ಹರಡತೊಡಗಿತು. ಕಲ್ಲು ಕೆಳಗಿಡುವ ಹಾಗಿರಲಿಲ್ಲ, ಮಾರ್ಬಲ್ ಒಡೆಯುತ್ತಿತ್ತು. ಅದನ್ನು ಹಿಡಿದುಕೊಂಡೇ ನಿಂತಳು, ನೀರು ನಿಲ್ಲುವವರೆಗೆ.

ಸೋಫಾದಲ್ಲಿದ್ದ ಕೃಷ್ಣಾಬಾಯಿ ಕಿರುಚಿದರು. “ಅಯ್ಯಯ್ಯೋ ರಾಮಾ! ನಡುಮನಿಯೊಳಗ! ಕತ್ತಿ ಮುಂಡೆ, ಬೇಕಂತ ಮಾಡಿದ್ಯಾ? ಸುಹಾಸಿನೀ, ಬಾರs ಇಲ್ಲೆ!”

ಸೊಸೆ ಸುಹಾಸಿನಿ ಒಳಗಿನಿಂದ ಓಡಿ ಬಂದಳು, ನೋಡಿದಳು, ತಲೆ ತಗ್ಗಿಸಿದಳು. “ಅತ್ಯಾ, ಪಾಪ, ಆಕಿಗೆ ಆರಾಮಿಲ್ಲ…”

“ನೀ ಬಾಯಿ ಮುಚ್ಚು. ಗೋಮೂತ್ರ ತೊಗೊಂಡು ಬಾ.”

ಅವ್ವನೇ ನೆಲ ಒರೆಸಿದಳು. ಮೂರು ಸಲ. ಆಮೇಲೆ ಅದೇ ಜಾಗದಲ್ಲಿ ಕೃಷ್ಣಾಬಾಯಿ ತಾಮ್ರದ ತಂಬಿಗೆಯಿಂದ ಆಕಳ ಉಚ್ಚೆ ಚಿಮುಕಿಸಿದರು, ಮಂತ್ರ ಹೇಳುತ್ತ. ಆಕಳು ಎಲ್ಲಿ ಬೇಕಾದರೂ ನಿಂತು ಹೊಯ್ಯುತ್ತದೆ. ತಾರ್ನಾಕ ಚೌರಸ್ತೆಯ ನಡುವೆ ಬಸ್ಸು ನಿಲ್ಲಿಸಿ ಹೊಯ್ಯುತ್ತದೆ. ಅದಕ್ಕೆ ಯಾರೂ ಟೈಲ್ಸ್ ಹಚ್ಚಿದ್ದು ಕಾಣೆ.

ಅಂದು ಬಸ್ಸಿನಲ್ಲಿ ಅವ್ವ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಒದ್ದೆ ಸೀರೆಯೆಂದು ಸೀಟಿನ ತುದಿಯಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಮೂಗಿ ಎಂಬ ಹೆಸರು ನನ್ನದು. ಅವಳಿಗೆ ಅದು ಒಪ್ಪುತ್ತಿರಲಿಲ್ಲ.

ಮರುದಿನ ಅವ್ವ ಬರುವುದು ಬೇಡ ಎಂದೆವು. ಕೇಳಲಿಲ್ಲ. ಮನೆಯವರು ರೇಷ್ಮೆ ಉಟ್ಟು ಮಠಕ್ಕೆ ಹೊರಟರು. ಕಲ್ಲಿಗೆ ಹೊಡೆಯುವ ಎಣ್ಣೆಯ ವಾಸನೆ ಹೋಗಲೆಂದು ಕಿಟಕಿ ಬಾಗಿಲು ಎಲ್ಲಾ ತೆರೆದಿಡಬೇಕಿತ್ತು. ಹೀಗಾಗಿ ದೇವರ ಮನೆಗೂ ಕಪಾಟುಗಳಿಗೂ ಮಾತ್ರ ಬೀಗ ಬಿತ್ತು. ಬಾತ್‌ರೂಮಿಗೆ ಬೀಗ ಹಾಕುವುದು ಯಾರಿಗೂ ಹೊಳೆಯಲಿಲ್ಲ. “ಸಂಜಿಗೆ ಮಠದಿಂದ ನಾಕ್ ಮಂದಿ ಗೋಡಿ ನೋಡ್ಲಿಕ್ಕೆ ಬರೋರಿದ್ದಾರ, ಥಳಥಳ ಅನ್ನಬೇಕು” ಎಂದು ರಾಯರು ಹೇಳಿಹೋದರು.

ಗೋಡೆಯ ಕೆಲಸ ಬೇಗ ಮುಗಿಯಿತು. ಅಪ್ಪ ಟೈಲ್ಸಿನ ಪೆಟ್ಟಿಗೆ ಎತ್ತಿಕೊಂಡು ಗಲ್ಲಿಗೆ ಹೊರಟ. ನಾನು ಅವನ ಕೈಯಿಂದ ಅದನ್ನು ತೆಗೆದುಕೊಂಡು ಒಳಗೆ ನಡೆದೆ.

“ಏ ಮೂಗಿ, ಎಲ್ಲಿಗ?”

ನಾನು ಮೊದಲು ಅವ್ವನ ತೋಳು ಹಿಡಿದು ಇಟಲಿಯ ಕಮೋಡಿನ ಬಾತ್‌ರೂಮಿಗೆ ಬಿಟ್ಟೆ. ಹೊರಗಿನಿಂದ ಬಾಗಿಲು ಎಳೆದುಕೊಂಡೆ. ಅವ್ವ ಒಳಗೆ ಬಹಳ ಹೊತ್ತು ಕೂತಳು. ಯಾರೂ ಕೆಮ್ಮಲಿಲ್ಲ. ಆಮೇಲೆ ನೀರು ಹರಿದ ಸದ್ದು, ಮತ್ತೊಮ್ಮೆ ಸದ್ದು, ಇನ್ನೊಮ್ಮೆ.

“ಮೂರ್ ಸಲ ಯಾಕ?” ಎಂದ ಅಪ್ಪ ಗಾಬರಿಯಿಂದ.

“ಗುಂಡಿ ಒತ್ತಿ ನೋಡಿದ್ನೋ” ಎಂದು ಒಳಗಿನಿಂದ ಅವ್ವ. ಹಿಂದಿನ ಸಂಜೆಯಿಂದ ಅವಳು ಆಡಿದ ಮೊದಲ ಮಾತು. ಹೊರಬಂದವಳು ನಲ್ಲಿಯ ನೀರು ಹೊಟ್ಟೆ ತುಂಬ ಕುಡಿದಿದ್ದಳು, ಗದ್ದದಿಂದ ಇಳಿಯುತ್ತಿತ್ತು.

ನಾನು ಎರಡೂ ಡಬ್ಬಿ ಕಲಸಿದೆ. ಆ ಮನೆಯ ಬಾತ್‌ರೂಮಿನ ಬಾಗಿಲುಗಳು ಹೊರಕ್ಕೆ ತೆರೆಯುವಂಥವು, ಚೌಕಟ್ಟಿಗೆ ಸಮ ಕೂರುತ್ತವೆ. ವೆಂಕಟರಮಣನ ಬೆನ್ನಿಗೆ ಅಂಟು ಬಳಿದು ಅರ್ಧ ಬಾಗಿಲಿಗೆ, ಅರ್ಧ ಚೌಕಟ್ಟಿಗೆ ಒತ್ತಿ ಹಿಡಿದೆ. ಇನ್ನು ಬಾಗಿಲು ತೆಗೆಯಬೇಕಾದರೆ ದೇವರು ಎರಡು ಹೋಳಾಗಬೇಕು.

ಅಪ್ಪನ ಮುಖ ಸುಣ್ಣವಾಯಿತು. “ಹುಚ್ಚಿ! ಕೊಲ್ತಾರ ನಮ್ಮನ್ನ!”

“ಎಲ್ಲೆಲ್ಲಿ ಹೋಗ್ತಾರೋ ಅಲ್ಲೆಲ್ಲಾ ಅಂದಾರ” ಅಂದೆ.

ಅಪ್ಪ ಹೊರಗೆ ಹೋದ. ತಿರುಗಿ ಬಂದ. ಬೀಡಿ ಹಚ್ಚಿದ, ಆರಿಸಿದ. ನಾನು ಎರಡನೆಯ ಬಾಗಿಲಿಗೆ ಹನುಮಪ್ಪನನ್ನು ಹಿಡಿದಿದ್ದೆ. ಅವನು ನಿಂತು ನೋಡಿದ. ಮೇಸ್ತ್ರಿಯ ಕಣ್ಣು ಸುಮ್ಮನಿರಲಿಲ್ಲ.

“ಸೊಟ್ಟ ಐತಿ” ಅಂದ. “ಬಾಲದ ಕಡೆ ಎತ್ತು.” ಆಮೇಲೆ ನಿಟ್ಟುಸಿರು ಬಿಟ್ಟು ಮಟ್ಟಗೋಲು ತಂದ.

ಮಹಡಿಯ ಎರಡು ಬಾಗಿಲಿಗೆ ಗಣಪತಿ, ಲಕ್ಷ್ಮಿ ಅವನ ಕೈಯಲ್ಲೇ ಕೂತರು. ಒಂದು ಜಾಗವನ್ನೂ ಬಿಡಲಿಲ್ಲ.

ಸಂಜೆ ಅವರೆಲ್ಲ ಬಂದಾಗ ಮಠದ ಪಾಯಸ, ಮಜ್ಜಿಗೆ, ದಾರಿಯ ಟ್ರಾಫಿಕ್ಕು ಎಲ್ಲರ ಮುಖದ ಮೇಲಿತ್ತು. ಆದರೂ ಗೋಡೆ ಮೊದಲು. ಅತಿಥಿಗಳು “ವಾಹ್ ರಾಯರs, ಹಂಪಿಗೆ ಹೋದಂಗಾತು” ಅಂದರು. ಒಬ್ಬರು ಗಲ್ಲ ಹಚ್ಚಿ ತಂಪು ನೋಡಿದರು. ಕೃಷ್ಣಾಬಾಯಿ ಮಾತ್ರ ನಿಲ್ಲದೆ ಕೋಲೂರುತ್ತ ಒಳಗೆ ಹೋದರು.

“ಜಯಾ! ಏ ಜಯಾ! ಬಾಗಲಾ ತೆರೀವಲ್ದು! ಇಲ್ಲೇ ವೆಂಕಟ್ರಮಣ ಕೂತಾನ!”

ರಾಯರು ಒಳಗೆ ಓಡಿದರು. ಒಂದು ಬಾಗಿಲು, ಎರಡು, ಮೇಲಿನ ಎರಡು. ಇಳಿದು ಬಂದಾಗ ಅವರ ದನಿ ಮೊದಲ ಸಲ ಏರಿತ್ತು. “ಶಾಂತಪ್ಪಾ! ಸೂಳೇಮಗನೇ! ಏನ್ ಮಾಡೀಯೋ ಇದು?”

ನಾನು ಅಪ್ಪನ ಮುಂದೆ ಬಂದೆ.

“ನೀವ ಹೇಳೀರ್ರಿ. ಎಲ್ಲೆಲ್ಲೆ ಒಂದಕ್ಕ ಹೋಗ್ತಾರೋ ಅಲ್ಲೆಲ್ಲಾ ಒಂದೊಂದು ಹಚ್ಚು ಅಂತ. ಗಲ್ಲಿಯಾಗ ನಾವು ಹೋಗೂದು ಬರೇ ಉಚ್ಚಿರಿ. ಒಂದಕ್ಕ ಹೋಗೋರು ನೀವ.”

“ಅರೆ, ಇದಕ್ಕ ಮಾತು ಬರ್ತದ!” ಎಂದರು ಅತಿಥಿಯೊಬ್ಬರು.

ರಾಯರ ಕೈ ಮೇಲೆದ್ದಿತು. ಅವ್ವ ಗೋಡೆಯ ಬುಡದಿಂದ ಉಳಿ-ಸುತ್ತಿಗೆ ಎತ್ತಿ ತಂದು ಆ ಕೈಯ ಕೆಳಗೆ ಹಿಡಿದಳು. “ತೊಗೋರಿ ಸಾಹೇಬ್ರ. ಒಂದ್ ಏಟು ಹಾಕ್ರಿ, ಬಾಗಲಾ ತೆರೀತೈತಿ. ಯಾರ್ ಮ್ಯಾಲ ಹಾಕ್ತೀರಿ? ಹನುಮಪ್ಪ ಗಟ್ಟ್ಯಾಗಿರ್ತಾನ, ಗಣಪತಿ ಬೊಜ್ಜ ಇದ್ದಾನ, ಬೇಗ ಒಡೀತಾನ.”

“ಜಯಾ, ಮುಟ್ಟೀ ಗಿಟ್ಟೀ! ಭಿನ್ನ ಆದ್ರ ವಂಶ ಉಳಿಯೂದಿಲ್ಲ” ಅಂದರು ಕೃಷ್ಣಾಬಾಯಿ, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹೆಣೆದು ನಿಂತು.

“ನೀನs ಒಡೀ ಶಾಂತಪ್ಪಾ” ಅಂದರು ರಾಯರು.

“ನಾ ಹ್ಯಾಂಗ ಮುಟ್ಲಿರಿ? ಮೈಲಿಗಿ ಆಗ್ತೈತ್ರಿ ದೇವರಿಗೆ.” ಅಪ್ಪ ಇದನ್ನು ನಿಜವಾದ ಭಯದಿಂದಲೇ ಹೇಳಿದ. ಅದಕ್ಕೇ ಇನ್ನೂ ಚೆನ್ನಾಗಿ ಬಂತು.

ಪೊಲೀಸರಿಗೆ ಫೋನ್ ಮಾಡುತ್ತೇನೆಂದರು ರಾಯರು. ಮಾಡಿದರೂ ಅವರು ಬರುವವರೆಗೆ ತಡೆಯಬೇಕಿತ್ತು. ಪಕ್ಕದ ಮನೆಗೆ ಬೀಗ. ಎದುರಿನ ಲೇಡೀಸ್ ಹಾಸ್ಟೆಲಿಗೆ ಸುಹಾಸಿನಿ ಓಡಿದಳು. ಗೇಟಿನಲ್ಲಿ ವಾಚ್‌ಮನ್ ಕೋಲು ಅಡ್ಡ ಹಿಡಿದ. “ಬಾಹರ್‌ವಾಲೋಂಕು ಅಲೋ ನೈ ಅಮ್ಮಾ.”

ಅವಳು ಒಂದು ಗಳಿಗೆ ರಸ್ತೆಯ ಮಧ್ಯೆ ನಿಂತಳು. ಆಮೇಲೆ ರೇಷ್ಮೆ ಸೀರೆ ಎತ್ತಿಕೊಂಡು ನೇರ ಗಲ್ಲಿಗೆ ನಡೆದಳು. ಬರುವಾಗ ಯಾರನ್ನೂ ನೋಡಲಿಲ್ಲ. ತುಟಿ ಮಾತ್ರ ಬಿಗಿ ಹಿಡಿದಿದ್ದಳು, ನಗು ತಡೆಯುವವರ ಹಾಗೆ.

ಕೊನೆಗೆ ಕೃಷ್ಣಾಬಾಯಿಯೂ ಬಂದರು. ಗೋಡೆ ಹಿಡಿದು, ಹೆಜ್ಜೆ ಹೆಜ್ಜೆಗೂ ರಾಮಾ ರಾಮಾ ಎನ್ನುತ್ತ. ಗಲ್ಲಿಯ ಗೋಡೆ ಬರಿದಾಗಿತ್ತು, ಅಲ್ಲಿ ಒಬ್ಬ ದೇವರೂ ಇರಲಿಲ್ಲ. ಅವ್ವ ಮೊದಲೇ ಹೋಗಿ ಗಲ್ಲಿಯ ಬಾಯಿಗೆ ಅಡ್ಡ ನಿಂತಿದ್ದಳು. ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಅಗಲಕ್ಕೆ ಹರಡಿದಳು. ಮಡಿಸೀರೆ ಅದಕ್ಕೆ ಉಜ್ಜಿಕೊಂಡೇ ಒಳಗೆ ಹೋಯಿತು. ಈ ಸಲ ಯಾರೂ ಹಿಂದೆ ಸರಿಯಲಿಲ್ಲ.

“ಸ್ವಲ್ಪ ಆಕಡೆ ಸರದ್ ಕುಂದರ್ರಿ ಅಮ್ಮಾರ” ಅಂದಳು ಅವ್ವ, ಬೆನ್ನು ತಿರುಗಿಸಿಕೊಂಡೇ. “ಅದು ನನ್ನ ಜಾಗ.”

ರಸ್ತೆಯ ತುದಿಯಲ್ಲಿ ಸ್ಕೂಟರೊಂದು ತಿರುಗಿತು. ಅವ್ವ ನನ್ನ ಕಡೆ ನೋಡಿದಳು. ನಾನು ಕೆಮ್ಮಲಿಲ್ಲ.